ಮೂರನೆಯ ಸಿಲಿಂಡರಿನ ಅಂಕಿ

ಎಲ್ ಆಲ್ತೊ,
೧೮ ಆಗಸ್ಟ್ ೧೯೯೬

ಪ್ರೀತಿಯ ಯೊವಾನಾ,

ಕೊಚಬಂಬಾದ ಬೆಚ್ಚನೆಯ ಹವೆ ನಿನಗೆ ಹಿಡಿಸಿದೆಯೆಂದೂ ಹೊಸ ಗ್ಯಾರೇಜಿನ ಹೊಣೆ ಭಾರವೆನಿಸಿಲ್ಲವೆಂದೂ ನಂಬಿದ್ದೇನೆ. ನಿನ್ನ ಎರಡೂ ಪತ್ರಗಳು ತಲುಪಿದವು. ಉತ್ತರಕ್ಕೆ ಆರು ವಾರ ಕಾಯಿಸಿದ್ದನ್ನು ಕ್ಷಮಿಸು. ಕೆಲಸ ಹೆಚ್ಚಿತ್ತೆಂದು ಬರೆಯಬಹುದಿತ್ತು. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಎದ್ದುಹೋದೆನೆಂಬುದೇ ನಿಜ.

ಪಕ್ಕದ ಟೈರ್ ಅಂಗಡಿಯ ಬಾಸಿಲಿಯೊ ದಿನವೂ ನಿನ್ನನ್ನು ನೆನೆಯುತ್ತಾನೆ. "ಆ ಹುಡುಗಿ ಹೋದಮೇಲೆ ನಿನ್ನ ಮುಖ ನೋಡಿದ್ರೆ ಚಾರ್ಜ್ ಮಾಡಿಟ್ಟ ಬ್ಯಾಟರೀನೂ ಇಳಿದುಹೋಗುತ್ತಪ್ಪ" ಎನ್ನುತ್ತಾನೆ.

ಜುಲೈ ಮೊದಲ ವಾರ ದೋನ್ಯಾ ಕಸಿಲ್ದಾ ಬಂದಿದ್ದರು. ಮೇ ತಿಂಗಳ ಭಾನುವಾರದ ಸಂತೆಯಲ್ಲಿ, ನಾವಿಬ್ಬರೂ ಎಂಜಿನ್ ಪರೀಕ್ಷಿಸಿದ ಮೇಲೆ, ರೊಲಾಂದೊನಿಂದ ಮಿನಿಬಸ್ಸು ಕೊಂಡವರನ್ನು ನೀನು ಮರೆತಿರಲಾರೆ. ಗಂಡ ತೀರಿಕೊಂಡ ಮೇಲೆ ಆತನ ಬಸ್ ಮಾರ್ಗ ಬೇರೆಯವರ ಪಾಲಾಗದಿರಲೆಂದು ತಾವೇ ಸ್ಟಿಯರಿಂಗ್ ಹಿಡಿದ ಹೆಂಗಸು. ಲಾ ಪಾಸ್‌ನಿಂದ ಏರು ಹತ್ತುವಾಗ ಬಸ್ಸು ಏದುಸಿರು ಬಿಟ್ಟು ನಿಲ್ಲುತ್ತಿದೆ ಎಂದರು. "ಇಳಿದು ನಡಕೊಂಡ್ ಬಂದೋರು ನನಗಿಂತ ಮುಂಚೆ ಮೇಲೆ ಮುಟ್ಟಿದ್ರು, ಮೇಷ್ಟ್ರೇ. ಕಾಯ್ತಾ ನಿಂತು ಕೈ ಬೇರೆ ಬೀಸಿದ್ರು."

ನಾಲ್ಕು ಸಾವಿರ ಮೀಟರ್ ಎತ್ತರದ ತೆಳುಗಾಳಿಯಲ್ಲಿ ಯಾವ ಎಂಜಿನ್ನಿಗೂ ಉಸಿರು ಕಡಿಮೆಯೆಂದು ಸಮಾಧಾನ ಹೇಳಿದೆ. "ನನ್ನ ಗಂಡನ ಹಳೇ ಬಸ್ಸೂ ಇದೇ ಗಾಳೀನೇ ಕುಡೀತಿತ್ತಲ್ಲ" ಎಂದರು.

ಎಂಜಿನ್ ಬಿಸಿಮಾಡಿ, ನಾಲ್ಕೂ ಪ್ಲಗ್ಗುಗಳನ್ನು ಕಳಚಿ, ಒಂದೊಂದೇ ತೂತಿಗೆ ಒತ್ತಡ ಅಳೆಯುವ ಕಂಪ್ರೆಷನ್ ಗೇಜು ತಿರುಗಿಸಿ ಕೂರಿಸಿದೆ. ದೋನ್ಯಾ ಕಸಿಲ್ದಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಕೀಲಿ ತಿರುಗಿಸಿದರು. ಬಾಸಿಲಿಯೊ ಮುಳ್ಳು ನಿಂತ ಅಂಕಿಯನ್ನು ಓದಿದ. ನೂರ ಹತ್ತು, ನೂರ ಎಂಟು, ಐವತ್ತೆಂಟು, ನೂರ ಹನ್ನೊಂದು. ಪುಸ್ತಕದಲ್ಲಿರುವ ಅಂಕಿ ನಮ್ಮ ಊರಿನಲ್ಲಿ ಎಂದೂ ಸಿಗದು. ಆದ್ದರಿಂದಲೇ ನಾಲ್ಕನ್ನೂ ಒಡಹುಟ್ಟಿದವರಂತೆ ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ನಿನಗೆ ಕಲಿಸಿದ್ದೆ. ಗಾಳಿ ತೆಳುವಾದರೆ ನಾಲ್ಕೂ ಸೊರಗುತ್ತವೆ. ಒಂದೇ ಸೊರಗಿದರೆ ತಪ್ಪು ಗಾಳಿಯದಲ್ಲ.

ಮೂರನೆಯ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದೆವು. ಪಿಸ್ಟನ್ ರಿಂಗು ಸವೆದಿದ್ದರೆ ಮುಳ್ಳು ಏರಬೇಕಿತ್ತು, ಏರಲಿಲ್ಲ. ಹೆಡ್ ಬಿಚ್ಚಿದಾಗ ವಾಲ್ವಿನ ಅಂಚು ಸುಟ್ಟು, ಯಾರೋ ಕಚ್ಚಿ ತೆಗೆದಂತೆ ತುಂಡಾಗಿತ್ತು.

ಆಗಲೂ ನಾನು ನಿನ್ನ ಪರವಾಗಿಯೇ ವಾದಿಸಿದೆ, ಯೊವಾನಾ. ಕೊಂಡ ಮೇಲಿನ ಆರು ವಾರದಲ್ಲಿಯೂ ವಾಲ್ವು ಸುಡಬಹುದಲ್ಲವೇ ಎಂದೆ. ಗ್ಯಾಸ್ಕೆಟ್ ಹೆರೆಯುವ ಅಲಗು ಹುಡುಕುತ್ತ ಬಾಸಿಲಿಯೊ ನಿನ್ನ ಡ್ರಾಯರ್ ಎಳೆದ. ನೀನು ಬಿಟ್ಟುಹೋದ ನೋಟ್‌ಬುಕ್ಕು ಅಲ್ಲಿತ್ತು. ಅಂಕಿಯನ್ನು ಮೊದಲು ಬರೆ, ಆಮೇಲೆ ಬಾಯಿಬಿಡು ಎಂದು ಮೊದಲ ದಿನವೇ ಹೇಳಿದ್ದೆ. ಅದನ್ನು ನೀನು ಒಂದು ದಿನವೂ ತಪ್ಪಿಸಿದವಳಲ್ಲ. ಮೇ ಹತ್ತೊಂಬತ್ತರ ಪುಟವನ್ನು ಅವನು ಓದಿ ಹೇಳಿದ: ಮೂರನೆಯದು ಅರವತ್ತೆರಡು. ಅಂದು ಸಂತೆಯಲ್ಲಿ ಎಲ್ಲರೆದುರು ನಿನ್ನ ಬಾಯಿಂದ ಬಂದದ್ದು ನೂರ ಹತ್ತು.

ಬಾಸಿಲಿಯೊ ಪುಸ್ತಕ ಮುಚ್ಚಿ, "ನಾನು ಏನೂ ಓದಿಲ್ಲ ಬಿಡು" ಎಂದ.

ಆ ಸಂತೆಯಾದ ಒಂದು ವಾರದ ಬಳಿಕ ರೊಲಾಂದೊ ಕೊಚಬಂಬಾದ ತನ್ನ ಗ್ಯಾರೇಜನ್ನು ನಿನಗೆ ಒಪ್ಪಿಸಿದಾಗ, ನಿನ್ನ ಕೈಚಳಕಕ್ಕೆ ಸಂದ ಮನ್ನಣೆಯೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಹೆಣ್ಣಿಗೆ ಗ್ಯಾರೇಜು ಒಪ್ಪಿಸುವವರು ಇನ್ನಾರೂ ಇರಲಿಲ್ಲವೆಂಬುದು ನನಗೂ ಗೊತ್ತು. "ಸ್ಪ್ಯಾನರ್ ಹಿಡಿಯೋ ಕೈಗೆ ಬಳೆ ಯಾಕಮ್ಮ" ಎಂದು ಸಂತೆಯವರು ನಕ್ಕದ್ದನ್ನೂ ಕೇಳಿದ್ದೇನೆ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೆ ನೀನು ತೆತ್ತದ್ದು ಮಾತ್ರ ನಿನ್ನದಾಗಿರಲಿಲ್ಲ.

ಹೊಸ ವಾಲ್ವು ಕೂರಿಸಿಕೊಟ್ಟಿದ್ದೇನೆ. ಬಸ್ಸು ಏರು ಹತ್ತುತ್ತಿದೆ. ಒಯ್ಯಲು ಬಂದ ದಿನ ದೋನ್ಯಾ ಕಸಿಲ್ದಾ ಕೇಳಿದರು: "ನಾನು ಎಂಜಿನ್ ನಂಬಿ ಕೊಂಡಿರಲಿಲ್ಲ ಮೇಷ್ಟ್ರೇ, ನಿಮ್ಮನ್ನ ನಂಬಿ ಕೊಂಡಿದ್ದು. ತಪ್ಪು ಮಾಡಿದ್ದು ಯಾರು, ಅದನ್ನಾದ್ರೂ ಹೇಳಿ." ಸೆಪ್ಟೆಂಬರಿನ ಮೊದಲ ಭಾನುವಾರ ಸಂತೆಯಲ್ಲಿ ಹೇಳುತ್ತೇನೆಂದು ಮಾತು ಕೊಟ್ಟೆ. ನಿನ್ನ ಹೆಸರನ್ನು ಈವರೆಗೆ ಯಾರ ಮುಂದೆಯೂ ಎತ್ತಿಲ್ಲ.

ಬಾ, ಮಗಳೇ. ಅವರೆದುರು ನಿಂತು ನೀನೇ ಹೇಳು. ನಗುವವರು ನಗಲಿ, ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ನೀನು ಬಾರದಿದ್ದರೂ ನಾನು ಸತ್ಯವನ್ನೇ ಹೇಳಬೇಕಾಗುತ್ತದೆ. ಆಗ ನಿನ್ನ ಹೆಸರು ನನ್ನ ಬಾಯಿಂದ ಬರುತ್ತದೆ. ಹಾಗಾಗದಿರಲೆಂದು ಬೇಡುತ್ತೇನೆ. ಅರವತ್ತೆರಡನ್ನು ಅರವತ್ತೆರಡೆಂದೇ ಬರೆದಿಟ್ಟ ಹುಡುಗಿ ಇನ್ನೂ ಇದ್ದಾಳೆಂದು ನನ್ನ ನಂಬಿಕೆ.

ನಿನ್ನ ಕೈಗೆ ಗಾಯವಾಗದಿರಲಿ. ನಿನ್ನ ಕೆಲಸ ನಿನ್ನನ್ನು ತಲೆಯೆತ್ತಿ ನಡೆಸಲಿ.

ನಿನ್ನ ಒಳಿತನ್ನೇ ಬಯಸುವ,
ಪ್ರಿಮಿತಿವೊ ಲಾರುತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಅಂಜಿದ್ದು. ಒಂದು ವರ್ಷದಿಂದ ಗೇಜಿನ ಅಂಕಿಗಳು ನನ್ನ ಕಣ್ಣಿಗೆ ಬರಿಯ ಮಂಜು. ಅದು ನಿನ್ನೊಬ್ಬಳಿಗೇ ಗೊತ್ತಿತ್ತು. ನನ್ನ ಹೆಂಡತಿಗೂ ಹೇಳಿರಲಿಲ್ಲ. "ನಾನು ಓದ್ತೀನಿ, ನೀವು ನೋಡ್ದಂಗೆ ಇರಿ ಮೇಷ್ಟ್ರೇ, ಯಾರಿಗೂ ಗೊತ್ತಾಗಲ್ಲ" ಎಂದು ನೀನೇ ಹೇಳಿದ್ದೆ. ಅಂದು ಸಂತೆಯಲ್ಲಿ ನೀನು ಎಂಜಿನ್ನಿನ ಮೇಲೆ ಬಾಗಿ ಗೇಜಿನ ಮುಖವನ್ನು ಜನರಿಗೆ ಕಾಣದಂತೆ ನನ್ನತ್ತ ತಿರುಗಿಸಿ ಹಿಡಿದೆ. "ಮೇಷ್ಟ್ರೇ, ನೀವೇ ಕಣ್ಣಾರೆ ನೋಡಿದಿರಾ?" ಎಂದು ದೋನ್ಯಾ ಕಸಿಲ್ದಾ ಕೇಳಿದರು. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ಹೌದೆಂದು ತಲೆಯಾಡಿಸಿದೆ.