ಕತ್ತರಿ, ತತ್ತರಿ ಮತ್ತು ಹದಿನಾಲ್ಕು ಶನಿವಾರ

ಮಾನ್ಯ ವಿದೇಶಾಂಗ ಕಾರ್ಯದರ್ಶಿಗಳೇ,

ನೆರೆರಾಷ್ಟ್ರದ ಮುನಿಸಿಗೆ ಕಾರಣನಾದವನು ನಾನೇ. ಮುನಿದವರು ಅವರು, ಗಡಿಪಾಸು ನಿಲ್ಲಿಸಿದವರು ಅವರೂ ನೀವೂ ಸೇರಿ. ಹದಿನಾಲ್ಕು ಶನಿವಾರಗಳಿಂದ ಒಬ್ಬನೇ ಉಣ್ಣುತ್ತಿರುವವನು ಮಾತ್ರ ನಾನು. ನನ್ನ ಹೆಂಡತಿ ಗಡಿಯಾಚೆಯ ಆಸ್ಪತ್ರೆಯಲ್ಲಿ ನರ್ಸ್. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಹೋಗುತ್ತಿದ್ದಳು.

ನಡೆದದ್ದಿಷ್ಟು. ಅಲ್ಲಿನ ಮಂತ್ರಿಗಳು ಬೆಳಗ್ಗೆ ಟೇಪು ಕತ್ತರಿಸಿ ಉದ್ಘಾಟಿಸಿದ ಸೇತುವೆ ಸಂಜೆಗೆ ಬಿರುಕು ಬಿಟ್ಟಿತು. ಪತ್ರಿಕೆಯ ಸುದ್ದಿಮೇಜಿನಲ್ಲಿದ್ದ ನಾನು ‘ಬೆಳಗ್ಗೆ ಕತ್ತರಿ, ಸಂಜೆ ತತ್ತರಿ’ ಎಂದು ಶೀರ್ಷಿಕೆ ಕೊಟ್ಟೆ. ಸುದ್ದಿಯಲ್ಲಿ ಸುಳ್ಳಿಲ್ಲವೆಂದು ತಾವೂ ಒಪ್ಪಿದ್ದೀರಿ. ಬಿರುಕಿಗೆ ಅಲ್ಲಿ ಯಾರ ಕುರ್ಚಿಯೂ ಅಲುಗಲಿಲ್ಲ. ಪ್ರಾಸಕ್ಕೆ ಇಲ್ಲಿದ್ದ ಅವರ ರಾಯಭಾರಿಯೇ ಗಂಟುಮೂಟೆ ಕಟ್ಟಿದರು. ಇದು ರಾಜತಂತ್ರವೋ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ತಂತ್ರವೋ?

ತಮ್ಮ ಕಚೇರಿ ಕ್ಷಮಾಪಣೆ ಪ್ರಕಟಿಸಿ ಎಂದಿತು. ಸಂಪಾದಕರು ಒಲ್ಲೆ ಎಂದರು. ಕೈಮುಗಿದು ಒಪ್ಪಿಸಿದವನು ನಾನು, ಶನಿವಾರದ ಆಸೆಗೆ. ಆದರೆ ನಮ್ಮಲ್ಲೊಂದು ಹಳೆಯ ನಿಯಮವಿದೆ: ಯಾವುದಕ್ಕೆ ಕ್ಷಮೆ ಎಂಬುದನ್ನು ಓದುಗರಿಗೆ ಪೂರ್ತಿ ತಿಳಿಸಬೇಕು. ಹಾಗಾಗಿ ಐದನೇ ಪುಟದ ಮೂಲೆಯಲ್ಲಿದ್ದ ಕತ್ತರಿ-ತತ್ತರಿ ಮುಖಪುಟದ ಚೌಕಟ್ಟಿನಲ್ಲಿ, ದಪ್ಪಕ್ಷರದಲ್ಲಿ ಮತ್ತೆ ಅಚ್ಚಾಯಿತು. ಮೊದಲು ಓದದವರೂ ಓದಿದರು. ಅತ್ತಲಿಂದ ಎರಡನೇ ಪ್ರತಿಭಟನಾ ಪತ್ರ ಬಂತು. ಉಳಿದಿದ್ದ ತುರ್ತು ಪಾಸುಗಳೂ ನಿಂತವು.

ಅಂದು ಹೆಂಡತಿ ಫೋನ್ ಮಾಡಿದಳು.

“ರೀ, ಕ್ಷಮೆ ಕೇಳೋವಾಗ್ಲೂ ಪ್ರಾಸ ಬೇಕಿತ್ತಾ?”

“ನಿಯಮ ಕಣೇ.”

“ಹಾಗಾದ್ರೆ ನಿಯಮದ ಜೊತೇನೇ ಸಂಸಾರ ಮಾಡಿ. ವಾರ್ಡಲ್ಲಿ ಎಲ್ರೂ ಆ ಸಾಲು ಹೇಳ್ಕೊಂಡು ನಗ್ತಾರೆ. ಬರ್ದಿದ್ದು ನಮ್ಮನೆಯವ್ರು ಅಂದೆ. ಯಾವಾಗ ಬರ್ತಾರೆ ಅಂತ ಕೇಳಿದ್ರು.”



ಶನಿವಾರ ರಾತ್ರಿ ವಾರದ ಶೀರ್ಷಿಕೆಗಳನ್ನು ಅವಳಿಗೆ ಓದಿ ಹೇಳುವುದು ನನ್ನ ವಾಡಿಕೆಯಾಗಿತ್ತು. ಚೆನ್ನಾಗಿದ್ದರೆ ‘ನಾರ್ಮಲ್’, ಅತಿಯಾದರೆ ‘ಜ್ವರ ಇದೆ’ ಎಂದು ತೀರ್ಪು ಕೊಡುತ್ತಿದ್ದಳು. ಈಗ ಅಡುಗೆಮನೆಯಲ್ಲಿ ನಿಂತು ಒಬ್ಬನೇ ಓದುತ್ತೇನೆ. ಫ್ರಿಜ್ ಗುಂಯ್‌ಗುಡುತ್ತದೆ, ಒಪ್ಪಿಗೆಯೋ ಆಕ್ಷೇಪವೋ ತಿಳಿಯದು.

ಮೊನ್ನೆ ತಾವು ‘ಇನ್ನಷ್ಟು ಸ್ಪಷ್ಟ ಕ್ಷಮಾಪಣೆ’ ಕೇಳಿದ್ದೀರಿ. ಸ್ಪಷ್ಟವಾದಷ್ಟೂ ಅಕ್ಷರ ದಪ್ಪವಾಗುತ್ತದೆ ಸ್ವಾಮಿ. ಅದನ್ನು ಕೈಬಿಡಿ. ನರ್ಸುಗಳಿಗಾದರೂ ವಾರದ ಪಾಸು ಕೊಡಿಸಿ. ಹಾಗೆಯೇ ಆ ಬಿರುಕು ಮುಚ್ಚಿಸಲು ಅವರಿಗೊಂದು ಮಾತು ಹೇಳಿ. ಅವಳ ಬಸ್ಸು ಇನ್ನು ಬರಬೇಕಾದ್ದು ಅದೇ ಸೇತುವೆಯ ಮೇಲೆ. ಆ ಸುದ್ದಿ ಹಾಕಿದ್ದು ಪ್ರಾಸಕ್ಕಾಗಿ ಅಲ್ಲ.

ಇಂತಿ,
ಶೀರ್ಷಿಕೆಗೆ ಜೋಡಿ ಹುಡುಕಿ, ತಾನು ಒಂಟಿಯಾದ
ಒಬ್ಬ ಉಪಸಂಪಾದಕ