ಹಿಂದಿನ ಸೀಟು ಖಾಲಿ

ಮಾರ್ಚ್ 3, ಸೋಮವಾರ

ಬರೆಯಬೇಕಂತೆ. ದಿನಾ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕೂತಿದ್ದೇ ಈ ಬರೆಯುವ ಕಾಟ ತಪ್ಪಲಿ ಎಂದು. ಅರವತ್ತಾರಕ್ಕೆ ಮತ್ತೆ ನೋಟ್‌ಬುಕ್ಕು! ಕಸರತ್ತಿನ ಹುಡುಗಿಗೆ ಹೇಳಿದೆ. ನಕ್ಕಳು. ಫಿಸಿಯೋಥೆರಪಿಸ್ಟ್ ಅನ್ನಬೇಕಂತೆ ಅವಳನ್ನು — ನನ್ನ ನಾಲಿಗೆ ಹೊರಳುವುದಿಲ್ಲ.

“ಎಷ್ಟು ಸಲ ಮಾಡಿದ್ರಿ, ಎಲ್ಲಿ ನೋವಾಯ್ತು, ಅಷ್ಟು ಬರೀರಿ ಅಮ್ಮ. ಬೇರೆ ಏನು ಬರ್ಕೊಂಡ್ರೂ ನಾನು ಓದಲ್ಲ.”

ಸರಿ. ಗೋಡೆಗೆ ಕೈಯೂರಿ ಪುಷ್-ಅಪ್: ಎಂಟು. ಒಂಬತ್ತನೆಯದಕ್ಕೆ ಎಡ ಭುಜ ಕಿರುಗುಟ್ಟಿತು. ಗ್ರೀಸ್ ಕಾಣದ ಬೇರಿಂಗ್ ಥರ.

ಕಾಲಿಗೇನೂ ಆಗಿಲ್ಲ. ಹುಡುಗಿ ತೊಡೆ ಒತ್ತಿ ನೋಡಿ ಹುಬ್ಬೇರಿಸಿದಳು. ಆಮೇಲೆ ತೋಳು ಒತ್ತಿದಳು. ಹುಬ್ಬು ಕೆಳಗೆ ಬಂತು.

“ಸೈಕಲ್ ತುಳಿಯೋರಿಗೆಲ್ಲ ಇದೇ ಕಥೆ. ಸೊಂಟದ ಕೆಳಗೆ ಆನೆ, ಮೇಲೆ ಗುಬ್ಬಿ.”

ಗುಬ್ಬಿಯಂತೆ. ನಾನು.

ಮಾರ್ಚ್ 4, ಮಂಗಳವಾರ

ಪುಷ್-ಅಪ್ ಎಂಟು. ಸಂಜೆ ಮತ್ತೆ ಎಂಟು.

ಇದೆಲ್ಲ ಯಾರಿಗಾಗಿ? ತಂಗಿಗಾಗಿ. ಅವಳಿಗೆ ಕಣ್ಣು ಹೋಗಿ ಹತ್ತು ವರ್ಷ. ಮೊದಲು ಮಂಜಾಯಿತು, ಆಮೇಲೆ ಪೂರ್ತಿ ಹೋಯಿತು. ಟೀಚರ್ ಕೆಲಸ ಬಿಟ್ಟು ಮನೆಯಲ್ಲಿ ಕುರ್ಚಿ ಹಿಡಿದು ಕೂತಳು. ನೋಡಲಾಗಲಿಲ್ಲ ನನಗೆ. ಎರಡು ಹಳೇ ಫ್ರೇಮ್ ಕತ್ತರಿಸಿ, ವೆಲ್ಡ್ ಮಾಡಿ, ಜೋಡಿ ಸೈಕಲ್ ಕಟ್ಟಿದೆ. ಮುಂದೆ ನಾನು, ಹಿಂದೆ ಅವಳು. ಹ್ಯಾಂಡಲ್ಲು, ಬ್ರೇಕು ನನ್ನದು. ತುಳಿಯುವುದು ಇಬ್ಬರದ್ದೂ. ಪ್ರತಿ ಭಾನುವಾರ ಬೆಳಿಗ್ಗೆ ಹೊರಟರೆ ಊರೆಲ್ಲ ಒಂದು ಸುತ್ತು.

ಡಿಸೆಂಬರಿನಲ್ಲಿ ಮೇಲ್ಸೇತುವೆ ಇಳಿಯುವಾಗ ಹಂಪ್ ಮೇಲೆ ಬಿದ್ದೆವು. ನನಗೆ ಭುಜ. ಅವಳಿಗೆ ಮುಂಗೈ ಮೂಳೆ, ಆರು ವಾರ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿ ತಿಂಗಳಾಯಿತು. ಸೈಕಲ್ ಹತ್ತುತ್ತಿಲ್ಲ. ಏಪ್ರಿಲ್ ಕೊನೆಗೆ ನಮ್ಮ ಸೈಕಲ್ ಕ್ಲಬ್ಬಿನವರ ನಲವತ್ತು ಕಿಲೋಮೀಟರ್ ರೈಡ್ ಇದೆ. ಏಳು ವರ್ಷ ಒಂದೂ ತಪ್ಪಿಸಿದವರಲ್ಲ ನಾವು.

ಕೈ ಸೋತಿತು, ಬಿದ್ದೆವು — ಎಲ್ಲರಿಗೂ ಹೀಗೇ ಹೇಳಿದ್ದೇನೆ. ಕೈ ಗಟ್ಟಿಯಾದರೆ ಅವಳು ಹತ್ತಲೇಬೇಕು. ಅಷ್ಟೇ ವಿಷಯ.

ಮಾರ್ಚ್ 6, ಗುರುವಾರ

ಬೆನ್ನಿಗೆ ಹೊಸ ಕಸರತ್ತು. ರಬ್ಬರ್ ಪಟ್ಟಿ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯಬೇಕು, ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ಪೆನ್ಸಿಲ್ ಹಿಡಿದ ಹಾಗೆ. ಪಟ್ಟಿ ತನ್ನಿ ಎಂದಳು. ಅಂಗಡಿ ತುಂಬ ಟ್ಯೂಬು ನೇತಾಡುತ್ತಿರುವಾಗ ಪಟ್ಟಿಯಂತೆ! ಒಂದು ಹಳೇ ಟ್ಯೂಬ್ ಇಳಿಸಿ ಬೆಂಚಿಗೆ ಬಿಗಿದ ಕಬ್ಬಿಣದ ವೈಸಿನ ಬಾಯಿಗೆ ಸಿಕ್ಕಿಸಿ ಎಳೆದೆ.

ಹನ್ನೊಂದನೆಯದಕ್ಕೆ ಪ್ಯಾಚ್ ಕಿತ್ತುಕೊಂಡು ಟ್ಯೂಬ್ ಬಂದು ಮೂಗಿಗೆ ಬಡಿಯಿತು. ನಾನೇ ಹಾಕಿದ ಪ್ಯಾಚ್. ನನ್ನದೇ ಮೂಗು. ಬೈಯಲು ಯಾರೂ ಸಿಗಲಿಲ್ಲ.

ಟ್ಯೂಬ್: ಹತ್ತೂವರೆ.

ಮಾರ್ಚ್ 11, ಮಂಗಳವಾರ

ಹುಡುಗಿ ಅಂಗಡಿಗೇ ಬಂದಳು. ಜೋಡಿ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿಸಿ ಹತ್ತಿ ಎಂದಳು. ಹತ್ತಿದೆ. ಸುತ್ತಲೂ ಓಡಾಡಿ ನೋಡಿ, ಒಂದು ಬೆರಳಿಂದ ನನ್ನ ಮೊಣಕೈ ತಟ್ಟಿದಳು.

“ಇದ್ಯಾಕೆ ಬೀಗ ಹಾಕಿದ್ದೀರಿ? ರಸ್ತೆ ಏಟೆಲ್ಲ ನೇರವಾಗಿ ಭುಜಕ್ಕೆ ಹೋಗುತ್ತೆ. ಸ್ವಲ್ಪ ಬಾಗಿಸಿ. ಅದೇ ನಿಮ್ಮ ಸ್ಪ್ರಿಂಗು.”

“ಐವತ್ತು ವರ್ಷದಿಂದ ತುಳೀತಿದ್ದೀನಮ್ಮ ನಾನು.”

“ಗೊತ್ತಾಗುತ್ತೆ. ಐವತ್ತು ವರ್ಷದ ಚಾಳಿ ಒಂದೇ ದಿನಕ್ಕೆ ಬಿಡಲ್ಲ.”

ಕಪಾಳಕ್ಕೆ ಬಿಡೋಣ ಅನ್ನಿಸಿತು. ಬಾಗಿಸಿದೆ. ಬಾಗಿಸಿದರೆ ತೋಳು ನಡುಗುತ್ತದೆ! ಇಷ್ಟು ವರ್ಷ ತೋಳು ಕೆಲಸವೇ ಮಾಡಿಲ್ಲ. ಮೂಳೆಯ ಮೇಲೆ ಮೈಭಾರ ಹಾಕಿ ಕಾಲ ತಳ್ಳಿದ್ದೇನೆ. ಜನರ ಸೈಕಲ್ ನೋಡಿ “ಒಂದೇ ಕಡೆ ಸವೆದಿದೆ” ಎಂದು ಬೈಯುವವಳು ನಾನು.

ಪ್ಲ್ಯಾಂಕ್: ಮೊಣಕೈ ನೆಲಕ್ಕೂರಿ ಹಲಗೆಯಂತೆ ಮಲಗುವುದು. ಹತ್ತು ಎಣಿಸುವಷ್ಟು. ಹಲಗೆಯಲ್ಲ, ಒದ್ದೆ ಗೋಣಿಚೀಲ.

ಮಾರ್ಚ್ 16, ಭಾನುವಾರ

ತಂಗಿ ಬಂದಿದ್ದಳು. ಎರಡು ಬೀದಿ ಆಚೆ ಮನೆ, ಕೋಲು ತಟ್ಟಿಕೊಂಡು ಒಬ್ಬಳೇ. ಸ್ಟೂಲಿನ ಮೇಲೆ ಕೂತು ಟ್ಯೂಬಿನ ಸದ್ದು ಕೇಳಿದಳು.

“ಎಷ್ಟಾಯ್ತಕ್ಕ?”

“ಹದಿನೈದು.”

“ಹದಿಮೂರು. ನಾನೂ ಎಣಿಸ್ತಿದ್ದೀನಿ.”

ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತದೆ. ಇನ್ನೆರಡು ಎಳೆದೆ. ಬಾ ಎಂದು ಅವಳ ಕೈ ಹಿಡಿದು ನನ್ನ ತೋಳಿನ ಮೇಲೆ ಇಟ್ಟೆ. ಒತ್ತಿ ನೋಡಿದಳು. “ಪರವಾಗಿಲ್ವೇ, ಒಳಗೆ ಏನೋ ಇದೆ.” ಇಬ್ಬರೂ ನಕ್ಕೆವು. ಡಿಸೆಂಬರ್ ಆದಮೇಲೆ ಮೊದಲ ಸಲ. ಸಮಯ ಚೆನ್ನಾಗಿದೆ ಎಂದು ಕೇಳಿದೆ.

“ಮುಂದಿನ ಭಾನುವಾರ ಕೂರ್ತೀಯಾ?”

ಕೈ ತೆಗೆದಳು. “ಬಿಸಿಲು ಜಾಸ್ತಿ ಅಕ್ಕ.”

“ಬೆಳಿಗ್ಗೆ ಆರಕ್ಕೆ ಯಾವ ಬಿಸಿಲೇ?”

ಕೋಲು ತಡವಿ ಎದ್ದಳು. ಹೋಗುವಾಗ ಜೋಡಿ ಸೈಕಲ್ಲಿನ ಹಿಂದಿನ ಸೀಟನ್ನು ಒಮ್ಮೆ ಸವರಿದಳು. ಧೂಳಿದೆಯಾ ಎಂದು ನೋಡಿದಳೋ ಏನೋ. ಇರಲಿಲ್ಲ. ನಾನು ದಿನಾ ಒರೆಸುತ್ತೇನೆ.

ಮಾರ್ಚ್ 29, ಶನಿವಾರ

ಪುಷ್-ಅಪ್ ಈಗ ಗೋಡೆಗಲ್ಲ, ಬೆಂಚಿಗೆ: ಹದಿನೈದು. ಟ್ಯೂಬ್ ಇಪ್ಪತ್ತು, ಪೂರ್ತಿ ಇಪ್ಪತ್ತು. ಪ್ಲ್ಯಾಂಕ್ ಮೂವತ್ತು. ಎರಡು ಕೈಯಲ್ಲೂ ತುಂಬಿದ ಬಕೆಟ್ ಹಿಡಿದು ಅಂಗಡಿಯಿಂದ ಬೀದಿ ನಲ್ಲಿಯವರೆಗೆ ಹೋಗಿ ಬರುವುದು, ನಾಲ್ಕು ಸಲ. ಎದುರು ಮನೆ ಟೈಲರ್ ಕೇಳಿದ, “ಏನಕ್ಕ, ನೀರನ್ನ ವಾಕಿಂಗ್ ಕರ್ಕೊಂಡು ಹೋಗ್ತಿದ್ದೀರಾ?”

ಕಳೆದ ಭಾನುವಾರವೂ ತಂಗಿ ಸೈಕಲ್ ಹತ್ತಲಿಲ್ಲ. ಉಳಿದದ್ದು ಬರೆಯಲು ಮನಸ್ಸಿಲ್ಲ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 8

ಒಬ್ಬಳೇ ಹೋದೆ. ಜೋಡಿ ಸೈಕಲ್ ತೆಗೆದುಕೊಂಡೇ. ಹಿಂದೆ ಭಾರವಿಲ್ಲದೆ ಬಾಲ ಕುಣಿಯುತ್ತಿತ್ತು. ಅದೇ ಮೇಲ್ಸೇತುವೆ, ಅದೇ ಇಳಿಜಾರು. ಮೊಣಕೈ ಬಾಗಿಸಿ ಹಿಡಿದೆ. ಹಂಪ್ ಬಂತು. ಏಟು ತೋಳಿಗೆ ಬಂತು, ತೋಳಲ್ಲೇ ಇಂಗಿತು. ಭುಜಕ್ಕೆ ಸುದ್ದಿಯೇ ಹೋಗಲಿಲ್ಲ. ಹ್ಯಾಂಡಲ್ ಕೂದಲೆಳೆಯಷ್ಟೂ ಅಲುಗಲಿಲ್ಲ.

ಆದರೆ ಹಂಪಿಗೆ ಮೊದಲು, ತಾನಾಗೇ, ಬಾಯಿಂದ ಬಂತು — “ಹಂಪ್!”

ಖಾಲಿ ಸೀಟಿಗೆ.

ಸೈಕಲ್ ಬದಿಗೆ ಹಾಕಿ ಸೇತುವೆ ಕಟ್ಟೆ ಮೇಲೆ ಕೂತುಬಿಟ್ಟೆ.

ಅದೇ ದಿನ, ಮಧ್ಯಾಹ್ನ

ಹುಡುಗಿ ಓದುವುದಿಲ್ಲ ಎಂದಿದ್ದಾಳೆ. ಬರೆಯುತ್ತೇನೆ.

ಜೋಡಿ ಸೈಕಲ್ಲಿನಲ್ಲಿ ಮುಂದೆ ಕೂತವಳು ಬರೀ ಹ್ಯಾಂಡಲ್ ಹಿಡಿದರೆ ಸಾಲದು, ಹೇಳುತ್ತಲೂ ಇರಬೇಕು. ಹಂಪ್, ಗುಂಡಿ, ಬ್ರೇಕ್, ಎಡ, ಬಲ. ಹಿಂದೆ ಕೂತವಳು ಅದನ್ನು ಕೇಳಿ ಸೀಟಿನಿಂದ ಮೈ ಎತ್ತುತ್ತಾಳೆ, ಕೈ ಬಿಗಿಮಾಡುತ್ತಾಳೆ. ಕಣ್ಣಿದ್ದವರಿಗೂ ಬೇಕು ಅದು. ಅವಳಿಗೆ ರಸ್ತೆ ಎಂದರೆ ನನ್ನ ಬಾಯಿ.

ಬಿದ್ದ ದಿನ ಹೊರಡುವಾಗಲೇ ತಂಗಿ ಅಂದಳು: “ಅಕ್ಕ, ಸ್ವಲ್ಪ ಮೆಲ್ಲಗೆ ಹೇಳೇ. ಬಸ್ ಸ್ಟ್ಯಾಂಡ್ ಮೈಕ್ ಥರ ಅರಚ್ತೀಯ. ರಸ್ತೇಲಿ ಎಲ್ಲರೂ ನಮ್ಮನ್ನೇ ನೋಡ್ತಾರೆ ಅನ್ಸುತ್ತೆ.” ನನಗೆ ಸಿಟ್ಟು ಮೂಗಿನ ತುದಿಗೆ ಬಂತು. “ಹಾಗಾದ್ರೆ ಬಾಯೇ ಬಿಡಲ್ಲ, ಆಯ್ತಾ?” ಎಂದೆ.

ಬಿಡಲೂ ಇಲ್ಲ. ಎರಡು ಹಂಪ್ ಸುಮ್ಮನೆ ದಾಟಿಸಿದೆ. ಹಿಂದಿನಿಂದ “ಅಕ್ಕ” ಎಂದಳು. ಮಾತಾಡಲಿಲ್ಲ. ಗೊತ್ತಾಗಲಿ ಎಂದೇ. ಮೂರನೆಯದು ಇಳಿಜಾರಿನ ಕೆಳಗೆ. ಅವಳು ಮೂಟೆಯ ಹಾಗೆ ಎಗರಿ ಒಂದು ಪಕ್ಕಕ್ಕೆ ಬಿದ್ದಳು, ಆ ಭಾರ ಸೈಕಲ್ಲನ್ನೂ ನನ್ನನ್ನೂ ಎಳೆಯಿತು. ಆಗ ಕೈ ಸೋತಿತು. ಕೈ ಸೋತದ್ದು ಸುಳ್ಳಲ್ಲ. ಆದರೆ ಅದು ಆಮೇಲೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ “ಅಕ್ಕನ ಕೈ ಜಾರಿತು” ಎಂದಳು. ನನಗಿಂತ ಮೊದಲು. ಅವಳ ಮಗಳಿಗೂ ಹಾಗೇ ಹೇಳಿದ್ದಾಳೆ. ನಾಲ್ಕು ತಿಂಗಳು ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ನಾನು ತೋಳು ಬೆಳೆಸುತ್ತಾ ಕೂತಿದ್ದೇನೆ.

ಏಪ್ರಿಲ್ 8, ಮಂಗಳವಾರ

ಹುಡುಗಿಗೆ ಹೇಳಿದೆ. ಮುಖ ನೋಡದೆ, ಟ್ಯೂಬ್ ಎಳೆಯುತ್ತಾ. ಅವಳು ಎಣಿಕೆ ನಿಲ್ಲಿಸಿದಳು.

“ಅವರಿಗೆ ಹೇಳಿದ್ರಾ?”

“ಅವಳಿಗೆ ಗೊತ್ತಿಲ್ವಾ? ಹಿಂದೆ ಕೂತಿದ್ದವಳೇ ಅವಳು.”

“ಗೊತ್ತಿರೋದು ಬೇರೆ, ನಿಮ್ಮ ಬಾಯಿಂದ ಕೇಳೋದು ಬೇರೆ ಅಮ್ಮ.” ಎದ್ದು ಹೊರಟವಳು ತಿರುಗಿ, “ಹಾಗಂತ ಪುಷ್-ಅಪ್ ಬಿಟ್ಟೀರಿ. ಅವರು ಕೂತರೆ ಆ ಕೈ ಬೇಕೇ ಬೇಕು,” ಎಂದಳು.

ಪುಷ್-ಅಪ್ ಹದಿನೆಂಟು.

ಏಪ್ರಿಲ್ 13, ಭಾನುವಾರ

ತಂಗಿಯ ಮನೆಗೆ ಹೋದೆ, ಹೇಳಿಬಿಡೋಣ ಎಂದು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಬಾಗಿಲು ಹಾರು ಹೊಡೆದಿತ್ತು. “ಕಣ್ಣು ಕಾಣದವಳು ಹೀಗಾ ಬಾಗಿಲು ತೆಗೆದಿಟ್ಕೊಂಡು ಕೂರೋದು? ಯಾರಾದ್ರೂ ನುಗ್ಗಿದ್ರೆ?”

“ನೀನೇ ನುಗ್ಗಿದ್ಯಲ್ಲ,” ಎಂದಳು. “ಬೈಯೋಕೇ ಬಂದ್ಯಾ, ಇನ್ನೇನಾದ್ರೂ ಇತ್ತಾ?”

ಟೀ ಕುಡಿದೆ. ಅವಳ ಗ್ಯಾಸ್ ಸ್ಟೌವಿನ ಗುಂಡಿ ಬಿಗಿ ಮಾಡಿಕೊಟ್ಟೆ. ವಾಪಸ್ ಬಂದೆ. ಏನೂ ಹೇಳಲಿಲ್ಲ.

ಕ್ಲಬ್ಬಿನ ಸೆಕ್ರೆಟರಿ ಫೋನ್ ಮಾಡಿದ್ದ. ಹೆಸರು ಕೊಡಲು ಹತ್ತೊಂಬತ್ತೇ ಕೊನೆ.

ಏಪ್ರಿಲ್ 15, ಮಂಗಳವಾರ

ಒಂದು ಉಪಾಯ. ತಂಗಿ ಫೋನಿನಲ್ಲಿ ವಾಯ್ಸ್ ಮೆಸೇಜ್ ಕೇಳುತ್ತಾಳೆ. ಸುಮ್ಮನೆ ಮಾತಾಡಲು ಹೋದರೆ ನನ್ನ ಬಾಯಿಂದ ಬೈಗುಳವೇ ಬರುವುದು. ಬರೆದುಕೊಂಡು ಓದುತ್ತೇನೆ. ಬರೆಯಲು ಹಚ್ಚಿದ ಹುಡುಗಿಗೆ ಇದನ್ನು ಹೇಳಕೂಡದು, ಹಿಗ್ಗಿಬಿಡುತ್ತಾಳೆ.

ಓದಬೇಕಾದ್ದು:

ನಾನು ಕಣೇ. ಬೀಳಿಸಿದ್ದು ಕೈಯಲ್ಲ, ನಾನು. ಹಂಪ್ ಕಂಡಿತ್ತು, ಬೇಕಂತಲೇ ಹೇಳಲಿಲ್ಲ. ನೀನು ಕರೆದಿದ್ದೂ ಕೇಳಿಸಿತ್ತು. ನೀನು ಯಾರಿಗೂ ಹೇಳಲಿಲ್ಲ, ನಾನು ಅದನ್ನೇ ಅನುಕೂಲ ಮಾಡಿಕೊಂಡೆ. ಕೈ ಈಗ ಗಟ್ಟಿಯಾಗಿದೆ, ನೀನೇ ಮುಟ್ಟಿ ನೋಡಿದ್ದೀಯ. ಬಾಯಿಗೆ ಮಾತ್ರ ಯಾವ ಕಸರತ್ತೂ ಇಲ್ಲವಂತೆ. ಜಗಳ ಆಡ್ತೀನಿ, ಆಡದೆ ಇರೋಕೆ ಆಗಲ್ಲ. ಆದರೆ ಸೈಕಲ್ ಮೇಲೆ ಸಿಟ್ಟು ಬಂದರೂ ಹಂಪ್ ಹೇಳ್ತೀನಿ. ಮೆಲ್ಲಗೆ. ಎಷ್ಟು ಮೆಲ್ಲಗೆ ಅಂತ ನೀನೇ ಹೇಳಿಕೊಡು. ಕೂರ್ತೀನಿ ಅಂದರೂ ಸರಿ, ಇನ್ನು ಜನ್ಮದಲ್ಲಿ ಕೂರಲ್ಲ ಅಂದರೂ ಸರಿ. ಬಿಸಿಲು ಅಂದರೆ ಮಾತ್ರ ಕೇಳೋದಿಲ್ಲ. ಶುಕ್ರವಾರ, ಹದಿನೆಂಟನೇ ತಾರೀಖು, ಸಂಜೆ ಐದರೊಳಗೆ ಉತ್ತರ ಬೇಕು.