ಲಟ್ಟಣಿಗೆ ಹಿಡಿದು ಕೆರೆಗೆ ಹೋದವಳು

ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಬೆರಳು ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ಇನ್ನೂ ಚುಳುಕ್ ಅನ್ನುತ್ತದೆಯೇ? ಊರಿನವರ ಬಟ್ಟೆಗೆಲ್ಲ ಹೊಲಿಗೆ ಹಾಕಿದವರಿಗೇ ಡಾಕ್ಟರು ಹೊಲಿಗೆ ಹಾಕಿದರಲ್ಲ ಎಂದು ನಗು ಬರುತ್ತದೆ, ಆದರೆ ನೀವು ಪಕ್ಕದಲ್ಲಿ ಇಲ್ಲದೆ ಒಬ್ಬಳೇ ಏನು ನಗಲಿ. ನಿಮ್ಮ ಅಕ್ಕ ಹೊತ್ತು ಹೊತ್ತಿಗೆ ಊಟ ಹಾಕುತ್ತಾರೆ, ಅದರ ಚಿಂತೆ ನನಗಿಲ್ಲ. ನೀವು ಹೋದ ವಾರ ಫೋನಿನಲ್ಲಿ "ಬೆರಳು ಮಡಚದ ಟೈಲರ್ ಅಲ್ಲಿಗೆ ಬಂದು ಏನ್ ಮಾಡ್ಲಿ? ಗಾಳದ ಕೋಲು ಯಾರಿಗಾದ್ರೂ ಕೊಟ್ಬಿಡು, ಕತ್ತರಿ ನೀನೇ ಇಟ್ಕೋ" ಅಂದಿರಲ್ಲ, ಆವತ್ತಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಜಗಳಕ್ಕೆ ನಿಂತರೆ ನೀವು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಕೊನೆಯವರೆಗೂ ಓದಿ.

ರೀ, ನಾನು ಮೀನು ಹಿಡಿದೆ! ಅದೂ ನಿಮ್ಮ ಬೆರಳು ಕುಯ್ದ ಅದೇ ಹೆಣೆದ ದಾರದಲ್ಲಿ!

ಕೋಲನ್ನು ಯಾರಿಗೂ ಕೊಡಲಿಲ್ಲ. ಅದನ್ನು ತಂದು ಮೆಷಿನ್ನಿನ ಲೈಟಿನ ಕೆಳಗೆ ಇಟ್ಟುಕೊಂಡು ದಾರವನ್ನು ಹಿಂಜಿ ನೋಡಿದೆ. ನಾವು ಕಾಲರಿಗೆ ಹಾಕುವ ದಾರದಷ್ಟೇ ಸಣ್ಣ, ಆದರೆ ಒಳಗೆ ಎಳೆ ಎಳೆಯಾಗಿ ಜಡೆ ಹೆಣೆದ ಹಾಗೆ ಹೆಣೆದಿದ್ದಾರೆ. ಆಗ ನನಗೆ ಹೊಳೆಯಿತು. ನಮ್ಮ ಕಸುಬಿನವರ ಕೈಗೆ ದಾರ ಸಿಕ್ಕಿದರೆ ಸಾಕು, ಬೆರಳಿಗೆ ಸುತ್ತಿ ಪಟ್ಟನೆ ಎಳೆದು ಹರಿಯುತ್ತೇವೆ. ಆವತ್ತು ಗಾಳ ಕಲ್ಲಿಗೆ ಸಿಕ್ಕಿಕೊಂಡಾಗ ನೀವು ಮಾಡಿದ್ದೂ ಅದೇ. ಹತ್ತಿಯ ದಾರ ಹರಿಯುತ್ತದೆ, ಇದು ಹರಿಯುವುದಿಲ್ಲ, ಬೆರಳನ್ನೇ ಹರಿಯುತ್ತದೆ. ನೀವೇನು ದಡ್ಡರೇ? ಕೈಗೆ ಅಂಟಿದ ಅಭ್ಯಾಸ ಅದು. ನಾನೇನು ಕಮ್ಮಿ? ಮೊದಲ ದಿನ ಗಂಟು ಹಾಕಿ, ಉಳಿದ ತುದಿಯನ್ನು ಬಟ್ಟೆಯ ದಾರ ಕಚ್ಚುವ ಹಾಗೆ ಹಲ್ಲಿಗೆ ಕೊಟ್ಟು ಎಳೆದೆ. ತುಟಿ ಸೀಳಿತು. ಮೂರ್ನಾಲ್ಕು ದಿನ ಚಹಾ ಕುಡಿಯುವಾಗೆಲ್ಲ ನಿಮ್ಮನ್ನೇ ನೆನೆದುಕೊಂಡೆ, ಬೈಯುತ್ತಾ. ಈಗ ಕಾಜಾ ಕತ್ತರಿಸುವ ಸಣ್ಣ ಕತ್ತರಿಯನ್ನು ಸಾಣೆ ಹಿಡಿಸಿ ಚೀಲದಲ್ಲಿಟ್ಟಿದ್ದೇನೆ. ಮೊಂಡು ಕತ್ತರಿಗೆ ಈ ದಾರ ಬಗ್ಗುವುದಿಲ್ಲ.

ಆಮೇಲೆ ನಿಮ್ಮ ಕೆರೆಯ ಜೊತೆಗಾರ, ಗಂಟೆಗಟ್ಟಲೆ ಒಂಟಿಕಾಲಲ್ಲಿ ನಿಲ್ಲುತ್ತಾನಲ್ಲ, ನಮ್ಮ ಕೊಕ್ಕರೆ, ಅವನನ್ನು ಅಂಗಡಿಗೆ ಕರೆಸಿದೆ. ರೀಲು ನೋಡಿದವನೇ ತಲೆ ಚಚ್ಚಿಕೊಂಡ. "ಅತ್ತಿಗೆ, ಬರೀ ಲೋಹದ ಮೇಲೆ ಸುತ್ತಿದಾರೆ ಅಣ್ಣ. ಕೆಳಗೆ ಸ್ವಲ್ಪ ನೈಲಾನ್ ಸುತ್ತಿ, ಇಲ್ಲಾಂದ್ರೆ ಪೂರ್ತಿ ದಾರ ಗಿರ್‍ರನೆ ಜಾರುತ್ತೆ" ಅಂದ. ಅವನು ಒದ್ದೆ ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದ, ನಾನು ಸುತ್ತಿದೆ. ಮೆಷಿನ್ನಿನ ಬಾಬಿನ್ನಿಗೆ ದಾರ ತುಂಬುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೇ? ಸಡಿಲ ಸುತ್ತಿದರೆ ಮೇಲಿನ ಸುತ್ತು ಒಳಗೆ ಹೂತು ಗಂಟಾಗುತ್ತದೆ, ಅಂಚಿನವರೆಗೆ ತುಂಬಿದರೆ ಉದುರುತ್ತದೆ, ಬಾಬಿನ್ನಿಗೂ ರೀಲಿಗೂ ಒಂದೇ ಲೆಕ್ಕ. ತುದಿಗೆ ಒಂದಷ್ಟು ಉದ್ದ ನೈಲಾನ್ ದಾರ ಕಟ್ಟಿದೆವು, ಹೆಣೆದ ದಾರ ಮೀನಿನ ಕಣ್ಣಿಗೆ ಬೀಳುತ್ತದಂತೆ, ಕಲ್ಲಿಗೆ ಉಜ್ಜಿದರೆ ಸವೆಯುತ್ತದಂತೆ. ಈ ದಾರ ನುಣುಪು, ಆದ್ದರಿಂದ ಗಂಟಿಗೆ ಸುತ್ತು ಹೆಚ್ಚು ಹಾಕಿ, ಎಂಜಲು ಹಚ್ಚಿ, ನಿಧಾನಕ್ಕೆ ಬಿಗಿಯಬೇಕು. ಹಳೆಯ ಚರ್ಮದ ಕೋಟಿನ ತುಂಡಿನಿಂದ ತೋರುಬೆರಳಿಗೆ ಕವಚವನ್ನೂ ಹೊಲಿದುಕೊಂಡೆ. ಏನು ಚೆಂದ ಕೂತಿದೆ ಗೊತ್ತೇ!

ನಿನ್ನೆ ಬೆಳಿಗ್ಗೆ ಹೊರಟೆ. ಚೀಲದಲ್ಲಿ ಅಡುಗೆಮನೆಯ ಲಟ್ಟಣಿಗೆ. ಎದುರಿನ ಕ್ಷೌರದ ಅಂಗಡಿಯವನ ಕಣ್ಣಿಗೆ ಬೀಳದೆ ಇರುತ್ತದೆಯೇ? "ಏನಮ್ಮಾ, ಮೀನನ್ನ ಹೊಡೆದು ಸಾಯಿಸ್ತೀರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ನೋಯುತ್ತಿತ್ತು.

ಮೊದಲನೇ ಸಲ ಎಸೆದ ಗಾಳವೇ ಹೋಗಿ ನಿಮ್ಮ ಆ ಹಾಳು ಕಲ್ಲಿಗೆ ಸಿಕ್ಕಿಕೊಂಡಿತು. ನಂಬುತ್ತೀರೋ ಇಲ್ಲವೋ, ನನ್ನ ಬೆರಳು ತಾನಾಗಿಯೇ ದಾರಕ್ಕೆ ಸುತ್ತಿಕೊಳ್ಳಲು ಹೋಯಿತು! ಕೈ ಹಿಂದಕ್ಕೆ ತೆಗೆದು, ಕೋಲು ಕೆಳಗಿಟ್ಟು, ದಾರವನ್ನು ಲಟ್ಟಣಿಗೆಗೆ ನಾಲ್ಕೈದು ಸುತ್ತು ಸುತ್ತಿದೆ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಜಗ್ಗದೆ, ಮೆಲ್ಲಗೆ ಹಿಂದಕ್ಕೆ ನಡೆದೆ. ಟಪ್! ತುದಿಯ ನೈಲಾನ್ ಕಿತ್ತು ಬಂತು. ನನ್ನ ಹತ್ತೂ ಬೆರಳು ನೆಟ್ಟಗಿದ್ದವು. ದಡದಲ್ಲಿ ನಿಂತು ಹೋ ಎಂದು ಕೂಗಿಬಿಟ್ಟೆ. ನನಗೆ ಅಷ್ಟು ಖುಷಿ ಮೀನು ಸಿಕ್ಕಾಗಲೂ ಆಗಲಿಲ್ಲ.

ಮೀನು ಸಿಕ್ಕಿದ್ದು ಬಿಸಿಲು ಏರಿದ ಮೇಲೆ. ಈ ದಾರ ಹಿಗ್ಗುವುದಿಲ್ಲ ನೋಡಿ, ಮೀನು ಮೂತಿ ತಾಗಿಸಿದ್ದು ಮೊಣಕೈಗೆ ಗೊತ್ತಾಯಿತು. ಪಕ್ಕದಲ್ಲೇ ನಿಂತಿದ್ದ ಕೊಕ್ಕರೆ ಎರಡೂ ಕಾಲು ಊರಿ "ಜಗ್ಗಬೇಡಿ ಅತ್ತಿಗೆ, ರೀಲಿನ ತಿರುಪು ಸಡಿಲ ಬಿಡಿ!" ಎಂದು ಅರಚಿದ. ಹಿಗ್ಗದ ದಾರವನ್ನು ಜಗ್ಗಿದರೆ ಒಂದೋ ಮೀನಿನ ಬಾಯಿ ಹರಿಯುತ್ತದೆ, ಇಲ್ಲ ಕೋಲು ಮುರಿಯುತ್ತದೆ. ಮೆಷಿನ್ನಿನ ದಾರ ಬಿಗಿಯುವ ತಿರುಪಿನೊಂದಿಗೆ ಜೀವಮಾನವೆಲ್ಲ ಗುದ್ದಾಡಿದವಳು ನಾನು, ಈ ತಿರುಪು ಯಾವ ಲೆಕ್ಕ! ಅದು ಓಡಿದಾಗ ಬಿಟ್ಟೆ, ದಣಿದಾಗ ಸುತ್ತಿದೆ, ಓಡುತ್ತಿರುವ ದಾರಕ್ಕೆ ಮಾತ್ರ ಬೆರಳು ತಾಗಿಸಲಿಲ್ಲ. ಬಲೆಯಲ್ಲಿ ಎತ್ತಿದ ಮೇಲೆ ಕತ್ತಿನಲ್ಲೇ ಇದ್ದ ಟೇಪಿನಿಂದ ಅಳೆದೆ. ನಿಮ್ಮ ಅಂಗಿಯ ತುಂಬುತೋಳಿಗಿಂತ ಉದ್ದ! ಕತ್ತರಿಸಿದ ದಾರದ ಚೂರುಗಳನ್ನೆಲ್ಲ ಆರಿಸಿ ಮನೆಗೆ ತಂದೆ, ಹಕ್ಕಿಗಳ ಕಾಲಿಗೆ ಸಿಕ್ಕಿದರೆ ಬಿಡಿಸುವವರು ಯಾರು. ಬೀದಿಯ ನಡುವೆಯೇ ಮೀನು ಹೊತ್ತು ಬಂದೆ. ಕ್ಷೌರದವನು ಅರ್ಧ ಗಡ್ಡ ಕೆರೆಸಿಕೊಂಡವರನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ಬಾಲದ ತುಂಡು ಅವನಿಗೇ ಕೊಟ್ಟೆ, ತಿಂದು ಬಾಯಿ ಮುಚ್ಚಿಕೊಂಡಿರಲಿ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸಿ. ಆ ಬೆರಳಿಗೆ ನನ್ನದೊಂದು ಮುತ್ತು. ಈ ಸಾಲನ್ನು ಅಕ್ಕನಿಗೆ ಓದಿ ಹೇಳಬೇಡಿ.

ನಿಮ್ಮವಳು,
ಅಂಗಡಿಯ ಅರ್ಧ ಒಡತಿ

ಮರೆತೇಬಿಟ್ಟಿದ್ದೆ: ನನಗೆ ಮೀನಿನ ಹುಚ್ಚೇನೂ ಹಿಡಿದಿಲ್ಲ. ಬೆರಳಿನ ವ್ಯಾಯಾಮಕ್ಕೆ ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ನೀವು ಹಿಸುಕದೆ ಮೂಲೆಗೆ ಎಸೆದಿದ್ದೀರಿ ಎಂದು ಅಕ್ಕ ಹೇಳಿದ ದಿನವೇ ನಾನು ಡಾಕ್ಟರ ಹತ್ತಿರ ಹೋಗಿದ್ದೆ. "ದಿನಾ ಆಡಿಸಿದ್ರೆ ಬೆರಳು ಮಡಚುತ್ತೆ, ಅವರಿಗೆ ಇಷ್ಟವಾದ ಕೆಲಸ ಏನಾದ್ರೂ ಕೊಡಿ" ಅಂದರು. ರೀಲು ತಿರುಗಿಸಬಹುದೇ ಎಂದು ಕೇಳಿದೆ, ಧಾರಾಳವಾಗಿ ಅಂದರು. ಆದರೆ ನಿಮ್ಮನ್ನು ಕುಯ್ದ ದಾರವನ್ನು ಪರೀಕ್ಷೆ ಮಾಡದೆ ಮತ್ತೆ ನಿಮ್ಮ ಕೈಗೆ ಹೇಗೆ ಕೊಡಲಿ? ಈಗ ಮಾಡಿ ಆಯಿತು. ರೀಲಿನ ಹಿಡಿಯನ್ನು ಆ ಬೆರಳಿರುವ ನಿಮ್ಮ ಬಲಗೈಗೆ ಬದಲಾಯಿಸಿಟ್ಟಿದ್ದೇನೆ. ಶನಿವಾರದ ಬಸ್ಸಿಗೆ ಬನ್ನಿ. ಬೆರಳು ಮಡಚಲಿ, ಬಿಡಲಿ, ಬನ್ನಿ. ಟೈಲರ್ ಬೇಕಾದವರಿಗೆ ಬೇರೆ ಅಂಗಡಿಗಳಿವೆ, ನನಗೆ ನೀವು ಬೇಕು.